ಮೊದಲ ಇಳಿಜಾರಿಗೆ ಮುನ್ನ: ಮನೆಮಂದಿಯೊಂದಿಗೆ ಥೀಮ್ ಪಾರ್ಕ್‌ಗೆ ಹೋಗಿ ರೋಲರ್ ಕೋಸ್ಟರ್ ಏರುವ ಬಗೆ

ಥೀಮ್ ಪಾರ್ಕ್‌ನಿಂದ ಸಂಜೆ ಹೊರಬರುವಾಗ ಮನೆಮಂದಿ ನಗುನಗುತ್ತಾ ಬರುತ್ತಾರೋ, ಮುಖ ಊದಿಸಿಕೊಂಡು ಬರುತ್ತಾರೋ ಎನ್ನುವುದು ಅಲ್ಲಿನ ರೈಡ್‌ಗಳ ಎತ್ತರದಿಂದ ತೀರ್ಮಾನವಾಗುವುದಿಲ್ಲ. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರು ಯಾರು, ಅವರನ್ನು ದಿನವಿಡೀ ಹೇಗೆ ನಡೆಸಿಕೊಂಡಿರಿ ಎನ್ನುವುದರಿಂದ ತೀರ್ಮಾನವಾಗುತ್ತದೆ. ಆ ಒಬ್ಬರು ಏಳು ವರ್ಷದ ಮಗುವಾಗಿರಬಹುದು, ನಲವತ್ತು ದಾಟಿದ ಅಪ್ಪನೂ ಆಗಿರಬಹುದು. ಧೈರ್ಯ ಇರುವವರು ಹೇಗೂ ಓಡಿಹೋಗಿ ಕೂರುತ್ತಾರೆ. ಹೆದರುವವರಿಗೆ ಮುಂದೆ ಏನಾಗುತ್ತದೆ ಎನ್ನುವ ತಿಳಿವಳಿಕೆ ಬೇಕು, ಬೇಡ ಅನ್ನಿಸಿದರೆ ಬೇಡ ಎನ್ನುವ ಸ್ವಾತಂತ್ರ್ಯವೂ ಬೇಕು. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಈ ಮಾರ್ಗದರ್ಶಿ ಬರೆದಿದ್ದೇನೆ.

ಮನೆಯಲ್ಲೇ ಮುಗಿಸಬೇಕಾದ ತಯಾರಿ

ಮೊದಲು ಮಕ್ಕಳ ಎತ್ತರ ಅಳೆಯಿರಿ. ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದರೆ ಸಾಕು. ಆಮೇಲೆ ಪಾರ್ಕ್‌ನ ವೆಬ್‌ಸೈಟ್ ತೆರೆದು ಯಾವ ರೈಡ್‌ಗೆ ಎಷ್ಟು ಎತ್ತರ ಬೇಕು ಎಂದು ನೋಡಿ. ಹೆಚ್ಚಿನ ಕಡೆ ಪುಟ್ಟ ಮಕ್ಕಳ ಕೋಸ್ಟರ್‌ಗೆ 90ರಿಂದ 100 ಸೆಂ.ಮೀ., ಕುಟುಂಬದ ಕೋಸ್ಟರ್‌ಗೆ 105ರಿಂದ 120 ಸೆಂ.ಮೀ., ತಲೆಕೆಳಗು ಮಾಡುವ ದೊಡ್ಡ ಕೋಸ್ಟರ್‌ಗಳಿಗೆ 130ರಿಂದ 140 ಸೆಂ.ಮೀ. ಆಸುಪಾಸು ಇರುತ್ತದೆ. ಕೆಲವಕ್ಕೆ ಗರಿಷ್ಠ ಎತ್ತರದ ಮಿತಿಯೂ ಉಂಟು. ಎರಡು ಮೀಟರ್ ಹತ್ತಿರ ಬೆಳೆದವರು ಅದನ್ನೂ ನೋಡಿಕೊಳ್ಳಬೇಕು.

ಈ ಮಿತಿ ಪಾರ್ಕ್‌ನವರು ಮನಸ್ಸಿಗೆ ಬಂದ ಹಾಗೆ ಹಾಕಿದ್ದಲ್ಲ. ತೊಡೆಯ ಮೇಲೆ ಬಂದು ಕೂರುವ ಲ್ಯಾಪ್ ಬಾರ್ ಆಗಲಿ, ಭುಜದ ಮೇಲಿಂದ ಇಳಿಯುವ ಹಾರ್ನೆಸ್ ಆಗಲಿ, ಒಂದು ಅಳತೆಯ ಮೈಯನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿದ್ದು. ಮೈ ಅದಕ್ಕಿಂತ ಚಿಕ್ಕದಾದರೆ ಬಾರ್ ಬಿಗಿಯಾಗಿ ಬೀಗ ಬಿದ್ದರೂ ಮಗು ಅದರ ಕೆಳಗಿನಿಂದಲೋ ಪಕ್ಕದಿಂದಲೋ ಜಾರಬಹುದು. ಆದ್ದರಿಂದ ಎರಡು ಸೆಂಟಿಮೀಟರ್ ಕಡಿಮೆ ಇದ್ದರೆ ಶೂ ಒಳಗೆ ಬಟ್ಟೆ ತುರುಕಿ ನಿಲ್ಲಿಸುವ ಉಪಾಯವನ್ನು ದಯವಿಟ್ಟು ಯಾರೂ ಮಾಡಬೇಡಿ. ಈ ವರ್ಷ ಸಿಗದ ರೈಡ್ ಮುಂದಿನ ವರ್ಷ ಸಿಗುತ್ತದೆ.

ಮಗುವಿಗೆ ಯಾವುದು ಸಿಗುವುದಿಲ್ಲ ಎನ್ನುವುದನ್ನು ಮನೆಯಲ್ಲೇ ಹೇಳಿಬಿಡಿ. ಒಂದು ಗಂಟೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಅಳತೆ ಕೋಲಿನ ಮುಂದೆ ವಾಪಸ್ ಕಳಿಸಿದರೆ ಆ ಮಗುವಿಗೆ ಇಡೀ ದಿನವೇ ಹಾಳಾಗುತ್ತದೆ. ಸಿಗದ್ದನ್ನು ಹೇಳುವಾಗಲೇ ಸಿಗುವ ರೈಡ್‌ಗಳ ವಿಡಿಯೊ ತೋರಿಸಿ. ಹಾಗೆಯೇ ಮನೆಯ ಪ್ರತಿಯೊಬ್ಬರೂ 'ಇದೊಂದು ಆಗಲೇಬೇಕು' ಎನ್ನುವ ಒಂದನ್ನು ಆರಿಸಲಿ. ಅಜ್ಜಿಗೆ ಪಾರ್ಕ್ ಸುತ್ತುವ ಪುಟ್ಟ ರೈಲು, ಅಕ್ಕನಿಗೆ ಅತಿ ಎತ್ತರದ ಕೋಸ್ಟರ್, ತಮ್ಮನಿಗೆ ನೀರಾಟ, ಏನಾದರೂ ಆಗಲಿ. ದಿನದ ಯೋಜನೆ ಈ ನಾಲ್ಕೈದು ಆಯ್ಕೆಗಳ ಸುತ್ತ ನಿಂತರೆ ಯಾರಿಗೂ ಕೊರಗು ಉಳಿಯುವುದಿಲ್ಲ. ಆರಿಸಿದ ರೈಡ್ ಆ ದಿನ ದುರಸ್ತಿಗೆಂದು ಮುಚ್ಚಿದೆಯೇ ಎಂಬುದನ್ನೂ ಹೊರಡುವ ಮುನ್ನ ನೋಡಿಕೊಳ್ಳಿ. ದೊಡ್ಡ ಕೋಸ್ಟರ್‌ಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ ತಪಾಸಣೆ ಮಾಡುವುದುಂಟು.

ಆರೋಗ್ಯದ ವಿಚಾರದಲ್ಲಿ ಸಂಕೋಚ ಬೇಡ. ಗರ್ಭಿಣಿಯರು, ಹೃದಯದ ತೊಂದರೆ ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ಕುತ್ತಿಗೆ ಬೆನ್ನಿನ ನೋವಿನವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಅಪಸ್ಮಾರ ಇರುವವರು ದೊಡ್ಡ ಕೋಸ್ಟರ್ ಏರಬಾರದು. ಅನುಮಾನ ಇದ್ದರೆ ವೈದ್ಯರನ್ನು ಮೊದಲೇ ಕೇಳಿ. ರೈಡ್ ಬಾಗಿಲಿನಲ್ಲಿ ಹಾಕಿರುವ ಎಚ್ಚರಿಕೆ ಫಲಕವನ್ನು ಯಾರೂ ಓದುವುದಿಲ್ಲ, ನೀವು ಓದಿ.

ಉಡುಪು ಸರಳವಾಗಿರಲಿ. ಕಾಲಿಗೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ, ಜಿಪ್ ಇರುವ ಜೇಬು, ಒಂದು ಜೊತೆ ಒಣಬಟ್ಟೆ. ಶಾಲು, ಸ್ಕಾರ್ಫ್‌ನಂಥ ಜೋತಾಡುವ ಬಟ್ಟೆ ಯಾವ ರೈಡ್‌ನಲ್ಲೂ ಕುತ್ತಿಗೆಗೆ ಇರಬಾರದು, ಅದು ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಸಂಚಕಾರ. ಉದ್ದ ಕೂದಲನ್ನು ಕಟ್ಟಿ. ದೊಡ್ಡ ಓಲೆಗಳನ್ನು ತೆಗೆದಿಡಿ, ಭುಜದ ಹಾರ್ನೆಸ್ ಇರುವ ಕೋಸ್ಟರ್‌ನಲ್ಲಿ ಕಿವಿ ಅದಕ್ಕೆ ಬಡಿದಾಗ ನೋವಾಗುವುದು ಓಲೆಯಿಂದಲೇ. ಕನ್ನಡಕದವರು ತಲೆಯ ಹಿಂದೆ ಬಿಗಿಯುವ ಪಟ್ಟಿ ಕೊಂಡುಕೊಳ್ಳಿ. ಅಬುಧಾಬಿಯಲ್ಲಿ 2010ರಲ್ಲಿ ಶುರುವಾದ ಫಾರ್ಮುಲಾ ರೊಸ್ಸಾ ಎಂಬ ಕೋಸ್ಟರ್ ಗಂಟೆಗೆ 240 ಕಿ.ಮೀ. ವೇಗ ಮುಟ್ಟುತ್ತದೆ, ಅಲ್ಲಿ ಕಣ್ಣಿಗೆ ಧೂಳು ಹೊಡೆಯದಿರಲೆಂದು ಸವಾರರಿಗೆಲ್ಲ ಗಾಗಲ್ಸ್ ಕೊಡುತ್ತಾರೆ. ಅದರ ಮೂರನೇ ಒಂದು ಪಾಲು ವೇಗದಲ್ಲೂ ಸಡಿಲ ಕನ್ನಡಕ ಹಾರಿಹೋಗುತ್ತದೆ.

ಗೇಟು ದಾಟಿದ ಮೇಲಿನ ಮೊದಲ ಗಂಟೆ

ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ಅಲ್ಲಿರಿ. ದಿನದಲ್ಲಿ ಸಾಲು ಅತಿ ಚಿಕ್ಕದಾಗಿರುವುದು ಮೊದಲ ಒಂದೂವರೆ ಗಂಟೆಯಲ್ಲಿ. ಕಾಯುವ ಹೊತ್ತಿನಲ್ಲಿ ಮಕ್ಕಳ ಅಂದಿನ ಬಟ್ಟೆ ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳಿ. ಗುಂಪಿನಲ್ಲಿ ಮಗು ತಪ್ಪಿದರೆ ಗಾಬರಿಯಲ್ಲಿ ಅಂಗಿಯ ಬಣ್ಣ ನೆನಪಾಗುವುದಿಲ್ಲ, ಫೋಟೊ ಇದ್ದರೆ ಸಿಬ್ಬಂದಿಗೆ ತೋರಿಸಬಹುದು. ಪುಟ್ಟವರ ಕೈಗೆ ನಿಮ್ಮ ಫೋನ್ ನಂಬರ್ ಬರೆದ ಪಟ್ಟಿ ಕಟ್ಟಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಎಂದು ಒಂದು ಜಾಗ ಗೊತ್ತುಮಾಡಿ, ಮಗುವನ್ನು ಅಲ್ಲಿಗೇ ಕರೆದೊಯ್ದು ತೋರಿಸಿ.

ಒಳಗೆ ಹೋದವರಲ್ಲಿ ಬಹುಪಾಲು ಜನ ಕಣ್ಣಿಗೆ ಬಿದ್ದ ಮೊದಲ ರೈಡ್‌ಗೇ ನಿಂತುಬಿಡುತ್ತಾರೆ. ನೀವು ಪಾರ್ಕ್‌ನ ಆ ತುದಿಗೆ ನಡೆದುಹೋಗಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಆದರೆ ಹೆದರುವವರು ಜೊತೆಗಿದ್ದರೆ ಇಲ್ಲೊಂದು ಗೊಂದಲ ಬರುತ್ತದೆ. ಸಾಲಿನ ಲೆಕ್ಕದಲ್ಲಿ ದೊಡ್ಡ ಕೋಸ್ಟರನ್ನು ಬೆಳಗ್ಗೆಯೇ ಮುಗಿಸಬೇಕು, ಧೈರ್ಯದ ಲೆಕ್ಕದಲ್ಲಿ ಅದನ್ನು ಕೊನೆಗೆ ಇಡಬೇಕು. ನನ್ನ ಮಟ್ಟಿಗೆ ಧೈರ್ಯದ ಲೆಕ್ಕವೇ ಮೇಲು. ಗುಂಪನ್ನು ಎರಡು ಮಾಡಿ, ಗಟ್ಟಿ ಗುಂಡಿಗೆಯವರು ಬೆಳಗ್ಗೆಯೇ ದೊಡ್ಡದಕ್ಕೆ ಹೋಗಿಬರಲಿ. ಉಳಿದವರು ಸಣ್ಣದರಿಂದ ಶುರುಮಾಡಲಿ. ಹನ್ನೊಂದು ಗಂಟೆಗೆ ಎಲ್ಲರೂ ಒಂದೆಡೆ ಸೇರಿದರಾಯಿತು.

ಸಾಲು ಎಷ್ಟು ಹೊತ್ತು ಎಂದು ನೀವೇ ಲೆಕ್ಕ ಹಾಕಿ

ಹೊರಗೆ ಹಾಕಿರುವ ಕಾಯುವ ಸಮಯದ ಬೋರ್ಡ್ ಕೆಲವೊಮ್ಮೆ ಹಳೆಯದಿರುತ್ತದೆ. ಕೈಗಡಿಯಾರ ಇದ್ದರೆ ಸರಿಯಾದ ಅಂದಾಜು ನಿಮಗೇ ಸಿಗುತ್ತದೆ. ಕೋಸ್ಟರ್‌ನ ಒಂದು ರೈಲಿನಲ್ಲಿ, ಅಂದರೆ ಒಟ್ಟಿಗೆ ಓಡುವ ಡಬ್ಬಿಗಳ ಸಾಲಿನಲ್ಲಿ, ಎಷ್ಟು ಸೀಟು ಎಂದು ಎಣಿಸಿ. ಒಂದು ರೈಲು ಹೊರಟು ಮುಂದಿನದು ಹೊರಡಲು ಎಷ್ಟು ಹೊತ್ತು ಎಂದು ನೋಡಿ. 24 ಸೀಟಿನ ರೈಲು ಎರಡು ನಿಮಿಷಕ್ಕೊಂದು ಹೊರಟರೆ ಗಂಟೆಗೆ 720 ಜನ. ನಿಮ್ಮ ಮುಂದೆ 240 ಜನ ಇದ್ದರೆ ಹತ್ತು ರೈಲು, ಅಂದರೆ 20 ನಿಮಿಷ. ಅದೇ ಕೋಸ್ಟರ್‌ನಲ್ಲಿ ಅಂದು ಒಂದೇ ರೈಲು ಓಡಿಸುತ್ತಿದ್ದು, ನಾಲ್ಕು ನಿಮಿಷಕ್ಕೊಮ್ಮೆ ಹೊರಡುತ್ತಿದ್ದರೆ ಅಷ್ಟೇ ಉದ್ದದ ಸಾಲಿಗೆ 40 ನಿಮಿಷ. ಸಾಲಿನ ಉದ್ದ ನೋಡಿ ಹೆದರುವುದಾಗಲಿ ಆಸೆಪಡುವುದಾಗಲಿ ಬೇಡ, ಅದು ಸಾಗುವ ವೇಗ ನೋಡಿ. ಹೆಚ್ಚು ಹಣ ಕೊಟ್ಟವರಿಗೆ ಬೇರೆ ಸಾಲು ಇರುವ ಕಡೆ ನಿಮ್ಮ ಲೆಕ್ಕಕ್ಕೆ ಇನ್ನಷ್ಟು ಸೇರಿಸಿಕೊಳ್ಳಿ.

ಒಬ್ಬೊಬ್ಬರೇ ಕೂರಲು ತಯಾರಿದ್ದರೆ 'ಸಿಂಗಲ್ ರೈಡರ್' ಸಾಲು ಇದೆಯೇ ಎಂದು ವಿಚಾರಿಸಿ. ಮೂವರ ಗುಂಪು ಕೂತಾಗ ಖಾಲಿ ಉಳಿಯುವ ನಾಲ್ಕನೇ ಸೀಟಿಗೆ ಅಲ್ಲಿಂದ ಜನರನ್ನು ತುಂಬುತ್ತಾರೆ. ಅಪ್ಪ ಅಮ್ಮ ಇಬ್ಬರಿಗೂ ದೊಡ್ಡ ಕೋಸ್ಟರ್ ಬೇಕು, ಮಗು ಚಿಕ್ಕದು ಎಂದಾದರೆ ಪ್ರವೇಶದಲ್ಲಿರುವ ಸಿಬ್ಬಂದಿಯನ್ನು ಕೇಳಿ. ಒಬ್ಬರು ಹೋಗಿಬರುವ ತನಕ ಇನ್ನೊಬ್ಬರು ಮಗುವಿನೊಂದಿಗೆ ಕಾದು, ಆಮೇಲೆ ಮತ್ತೆ ಸಾಲಿನಲ್ಲಿ ನಿಲ್ಲದೆ ಹತ್ತುವ ಅನುಕೂಲ ಅನೇಕ ಪಾರ್ಕ್‌ಗಳಲ್ಲಿದೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಹೆದರಿಕೆ ಕಳೆಯಲು: ಕೋಸ್ಟರ್ ಹೇಗೆ ಓಡುತ್ತದೆ?

ಸಾಲಿನಲ್ಲಿ ನಿಂತಾಗ ಹೆದರುವವರಿಗೆ 'ಏನೂ ಆಗಲ್ಲ ಬಾ' ಎಂದು ನೂರು ಸಲ ಹೇಳಿದರೂ ಪ್ರಯೋಜನವಿಲ್ಲ. ಕಣ್ಣೆದುರಿಗೇ ನಿಂತಿರುವ ಯಂತ್ರವನ್ನು ತೋರಿಸಿ ವಿವರಿಸಿದರೆ ಪ್ರಯೋಜನ ಉಂಟು.

ಚಕ್ರಗಳಿಂದ ಶುರುಮಾಡಿ. ರೈಲು ನಿಲ್ದಾಣಕ್ಕೆ ಬರುವಾಗ ಬಗ್ಗಿ ನೋಡಿದರೆ ಒಂದೊಂದು ಮೂಲೆಯಲ್ಲೂ ಮೂರು ದಿಕ್ಕಿನ ಚಕ್ರಗಳು ಕಾಣುತ್ತವೆ. ಹಳಿಯ ಮೇಲೆ ಭಾರ ಹೊರುವವು, ಪಕ್ಕದಲ್ಲಿ ಒತ್ತಿಕೊಂಡಿರುವವು, ಹಳಿಯ ಅಡಿಯಲ್ಲಿ ಉರುಳುವವು. ಈ ಅಡಿಚಕ್ರಗಳಿಗೆ ಜಾನ್ ಮಿಲ್ಲರ್ ಎಂಬ ಅಮೆರಿಕದ ವಿನ್ಯಾಸಕಾರ 1919ರಲ್ಲಿ ಪೇಟೆಂಟ್ ಪಡೆದರು. ರೈಲು ಹಳಿಯನ್ನು ಮೇಲೆ, ಪಕ್ಕ, ಕೆಳಗೆ ಮೂರೂ ಕಡೆಯಿಂದ ಕಚ್ಚಿ ಹಿಡಿದಿರುತ್ತದೆ. ತಲೆಕೆಳಗಾದರೂ ಅದು ಹಳಿ ಬಿಟ್ಟು ಬೀಳುವ ಹಾಗಿಲ್ಲ ಎನ್ನುವುದು ಇದರಿಂದಲೇ.

ಏರು ದಾರಿಯಲ್ಲಿ ಕೇಳುವ ಆ ಟಕ ಟಕ ಟಕ ಶಬ್ದ ಬಹಳ ಜನರ ಎದೆ ನಡುಗಿಸುತ್ತದೆ. ನಿಜವಾಗಿ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡಬೇಕಾದ ಶಬ್ದ ಅದು. ರೈಲಿನ ಕೆಳಗಿನ ಲೋಹದ ಕೊಂಡಿಯೊಂದು ಹಳಿಯ ಮಧ್ಯದ ಗರಗಸದಂಥ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುತ್ತಾ ಹೋಗುತ್ತದೆ. ರೈಲನ್ನು ಮೇಲಕ್ಕೆ ಎಳೆಯುವ ಸರಪಳಿ ಆ ಕ್ಷಣವೇ ತುಂಡಾದರೂ ಕೊಂಡಿ ಹಲ್ಲಿಗೆ ಸಿಕ್ಕಿಕೊಂಡು ರೈಲು ಅಲ್ಲೇ ನಿಲ್ಲುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹೊಸ ಕೋಸ್ಟರ್‌ಗಳಲ್ಲಿ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುವ ವ್ಯವಸ್ಥೆಗಳೂ ಇವೆ.

ತುದಿ ಮುಟ್ಟಿದ ಮೇಲೆ ಹೆಚ್ಚಿನ ಕೋಸ್ಟರ್‌ಗಳಿಗೆ ಎಂಜಿನ್ ಇಲ್ಲ. ಎತ್ತರಕ್ಕೆ ಏರಿಸಿದಾಗ ಸಿಕ್ಕ ಶಕ್ತಿಯನ್ನೇ ಖರ್ಚು ಮಾಡುತ್ತಾ ಕೊನೆಯವರೆಗೂ ಓಡುತ್ತವೆ. ಮೊದಲ ಗುಡ್ಡವೇ ಅತಿ ಎತ್ತರ, ಆಮೇಲಿನವು ಒಂದಕ್ಕಿಂತ ಒಂದು ತಗ್ಗು ಆಗಿರುವುದು ಇದೇ ಕಾರಣಕ್ಕೆ. ಹೆದರುವವರಿಗೆ ಇದನ್ನು ಹೇಳಿ: ಮೊದಲ ಇಳಿಜಾರು ದಾಟಿತು ಎಂದರೆ ಅತಿ ಕಷ್ಟದ್ದು ಮುಗಿದ ಹಾಗೆ.

ಒಂದರ ಹಿಂದೆ ಒಂದು ರೈಲು ಬಿಡುತ್ತಾರಲ್ಲ, ಡಿಕ್ಕಿ ಹೊಡೆದರೆ? ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಇಡೀ ಹಳಿಯನ್ನು ಬ್ಲಾಕ್‌ಗಳಾಗಿ ಭಾಗ ಮಾಡಿರುತ್ತಾರೆ. ಒಂದು ಬ್ಲಾಕ್‌ನಲ್ಲಿ ಒಂದು ಹೊತ್ತಿಗೆ ಒಂದೇ ರೈಲು. ಮುಂದಿನ ಬ್ಲಾಕ್ ಖಾಲಿಯಾಗಿದೆ ಎಂದು ಸೆನ್ಸರ್‌ಗಳು ಹೇಳುವ ತನಕ ಹಿಂದಿನ ರೈಲನ್ನು ಕಂಪ್ಯೂಟರ್ ತಾನೇ ತಡೆದು ನಿಲ್ಲಿಸುತ್ತದೆ. ಈಗಿನ ಅನೇಕ ಕೋಸ್ಟರ್‌ಗಳ ಕೊನೆಯಲ್ಲಿ ಆಯಸ್ಕಾಂತದ ಬ್ರೇಕ್ ಇದೆ. ತಾಮ್ರ ಅಥವಾ ಅಲ್ಯುಮಿನಿಯಂ ಪಟ್ಟಿ ಆಯಸ್ಕಾಂತಗಳ ನಡುವೆ ಹಾಯುವಾಗ ಹುಟ್ಟುವ ವಿದ್ಯುತ್ ಸುಳಿಯೇ ರೈಲಿನ ವೇಗ ಇಳಿಸುತ್ತದೆ. ಕರೆಂಟು ಹೋದರೂ ಆ ಬ್ರೇಕ್ ಕೆಲಸ ಮಾಡುತ್ತದೆ.

ಪಾರ್ಕ್ ತೆರೆಯುವ ಮುನ್ನ ಪ್ರತಿದಿನ ತಂತ್ರಜ್ಞರು ಹಳಿಯ ಉದ್ದಕ್ಕೂ ನೋಡಿ, ಖಾಲಿ ರೈಲು ಓಡಿಸಿ ಪರೀಕ್ಷಿಸುತ್ತಾರೆ. ಬೇಗ ಹೋದರೆ ಜನರಿಲ್ಲದ ರೈಲು ಗುಡ್ಡ ಏರಿ ಇಳಿಯುವುದನ್ನು ಗೇಟಿನ ಹೊರಗಿನಿಂದಲೇ ನೋಡಬಹುದು. ಮಗುವಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಕಬ್ಬಿಣದ ಆ ದೊಡ್ಡ ವೃತ್ತ, ಲೂಪ್, ಸರಿಯಾಗಿ ನೋಡಿದರೆ ವೃತ್ತವೇ ಅಲ್ಲ. ಮೇಲೆ ಕಿರಿದು, ಕೆಳಗೆ ಅಗಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನ್ಯೂಯಾರ್ಕ್‌ನ ಕೋನಿ ಐಲೆಂಡ್‌ನಲ್ಲಿ ಪೂರ್ತಿ ದುಂಡಗಿನ ಲೂಪ್ ಮಾಡಿ ನೋಡಿದರು. ಒಳಗೆ ನುಗ್ಗುವ ಕ್ಷಣದಲ್ಲಿ ಸವಾರರ ಕುತ್ತಿಗೆಗೆ ವಿಪರೀತ ಹೊಡೆತ ಬೀಳುತ್ತಿತ್ತು, ಹೀಗಾಗಿ ಅದು ಉಳಿಯಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕ್‌ನಲ್ಲಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಲೆಕ್ಕ ಹಾಕಿದ ಈ ಹನಿಯಾಕಾರದ ಲೂಪ್ ಬಂದ ಮೇಲೆ ತಲೆಕೆಳಗಾಗುವುದು ಮೈಗೆ ಹಿತವಾಯಿತು. ಅಂದಿನಿಂದ ಲೂಪ್‌ಗಳೆಲ್ಲ ಈ ಜಾಡಿನಲ್ಲೇ ಬಂದಿವೆ. ತಲೆಕೆಳಗಾಗುವಾಗ ಬೀಳುವ ಭಾವ ಬರುವುದೇ ಇಲ್ಲ, ಸೀಟಿಗೆ ಒತ್ತಿಕೊಂಡೇ ಇರುತ್ತೇವೆ. ಲೂಪ್‌ಗಿಂತ ಸಾದಾ ಇಳಿಜಾರೇ ಹೊಟ್ಟೆಗೆ ಹೆಚ್ಚು ಕೆಲಸ ಕೊಡುತ್ತದೆ ಎಂದರೆ ಮೊದಲ ಸಲ ಹೋಗುವವರು ನಂಬುವುದಿಲ್ಲ, ಇಳಿದು ಬಂದ ಮೇಲೆ ಅವರೇ ಹಾಗೆ ಹೇಳುತ್ತಾರೆ.

ಮೆಟ್ಟಿಲು ಮೆಟ್ಟಿಲಾಗಿ ಏರಿ

1884ರಲ್ಲಿ ಅದೇ ಕೋನಿ ಐಲೆಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ಶುರುಮಾಡಿದ ಕೋಸ್ಟರ್ ಗಂಟೆಗೆ ಸುಮಾರು 10 ಕಿ.ಮೀ. ವೇಗದಲ್ಲಿ ಓಡುತ್ತಿತ್ತು. ಜನ ಅದಕ್ಕೇ ಮುಗಿಬಿದ್ದರು. ನಿಧಾನದ ಕೋಸ್ಟರ್ ಎಂದರೆ ಕಡಿಮೆ ದರ್ಜೆಯದ್ದಲ್ಲ ಎಂದು ಹೇಳಲು ಇದನ್ನು ನೆನಪಿಸುತ್ತಿದ್ದೇನೆ.

ಮೊದಲ ಮೆಟ್ಟಿಲು ಮಕ್ಕಳ ಕೋಸ್ಟರ್. ದೊಡ್ಡವರೂ ಅಲ್ಲಿಂದಲೇ ಶುರುಮಾಡಬಹುದು. ಎರಡನೆಯದು ಕುಟುಂಬದ ಕೋಸ್ಟರ್: ತಿರುವು ಹೆಚ್ಚು, ಇಳಿಜಾರು ಸಣ್ಣದು, ತಲೆಕೆಳಗಾಗುವುದಿಲ್ಲ. ಮೂರನೆಯದು ಎತ್ತರದ ಇಳಿಜಾರಿದ್ದೂ ಲೂಪ್ ಇಲ್ಲದ್ದು. ಅದಾದ ಮೇಲೆ ಲೂಪ್. ನಿಂತಲ್ಲಿಂದ ಕೆಲವೇ ಸೆಕೆಂಡಿನಲ್ಲಿ ಬಾಣದಂತೆ ಚಿಮ್ಮಿಸುವ ಲಾಂಚ್ ಕೋಸ್ಟರ್‌ಗಳು ಕೊನೆಗಿರಲಿ. ಏರುವಾಗ ಮನಸ್ಸು ಸಿದ್ಧ ಮಾಡಿಕೊಳ್ಳುವ ಸಮಯ ಅವುಗಳಲ್ಲಿ ಸಿಗುವುದಿಲ್ಲ. ಒಂದು ಮೆಟ್ಟಿಲು ಹಿತವಾಯಿತು ಎಂದಾದರೆ ಅದನ್ನೇ ಇನ್ನೊಮ್ಮೆ ಮಾಡಿ, ಆಮೇಲೆ ಮುಂದಿನದು. ಮೊದಲ ಸಲದ ಸವಾರಿಯಲ್ಲಿ ಹೆದರಿಕೆಯೇ ಅರ್ಧ ತಿಂದಿರುತ್ತದೆ, ಕೋಸ್ಟರ್‌ನ ನಿಜವಾದ ರುಚಿ ಸಿಗುವುದು ಎರಡನೇ ಸಲಕ್ಕೆ.

ಮರದ ಕೋಸ್ಟರ್ ಸಿಕ್ಕರೆ ಒಂದು ಮಾತು. ಅದು ಗಡಗಡ ಅಲುಗುತ್ತದೆ, ರೈಲು ಹಾಯುವಾಗ ಕಂಬಗಳು ತೂಗಾಡುವುದೂ ಕಾಣುತ್ತದೆ. ಕಟ್ಟಿರುವುದೇ ಹಾಗೆ, ಬಾಗದ ಮರ ಮುರಿಯುತ್ತದೆ. 1959ರಲ್ಲಿ ಡಿಸ್ನಿಲ್ಯಾಂಡ್‌ನ ಮ್ಯಾಟರ್‌ಹಾರ್ನ್ ಕೋಸ್ಟರ್‌ಗೆ ಉಕ್ಕಿನ ಕೊಳವೆ ಹಳಿ ಬಂದ ಮೇಲೆ ನುಣುಪಾದ ಓಟ ಸಾಧ್ಯವಾಯಿತು, ಆದರೂ ಮರದ್ದನ್ನೇ ಹುಡುಕಿಕೊಂಡು ಹೋಗುವವರು ಇಂದಿಗೂ ಇದ್ದಾರೆ. ನಾನಂತೂ ಮೊದಲ ಬಾರಿಯವರಿಗೆ ಉಕ್ಕಿನದ್ದನ್ನೇ ಹೇಳುತ್ತೇನೆ.

ಸೀಟು ಆರಿಸುವುದು

ಮಧ್ಯದ ಸಾಲು ಎಲ್ಲಕ್ಕಿಂತ ಸೌಮ್ಯ. ಹೊಸಬರು ಅಲ್ಲೇ ಕೂರಲಿ. ಮುಂದಿನ ಸಾಲಿನಲ್ಲಿ ನೋಟ ತೆರೆದಿರುತ್ತದೆ, ತುದಿಯಲ್ಲಿ ಕೆಳಗೆ ಬಗ್ಗಿ ಕ್ಷಣಕಾಲ ತೂಗಿದ ಹಾಗಾಗುತ್ತದೆ, ಏಕೆಂದರೆ ಹಿಂದಿನ ಡಬ್ಬಿಗಳು ಇನ್ನೂ ಏರುತ್ತಿರುತ್ತವೆ. ಕೊನೆಯ ಸಾಲಿನ ಕತೆ ತಿರುಗಾಮುರುಗಾ. ರೈಲಿನ ಬಹುಭಾಗ ಆಗಲೇ ಇಳಿಯುತ್ತಿರುವುದರಿಂದ ಹಿಂದಿನವರನ್ನು ತುದಿಯ ಮೇಲಿಂದ ಸೆಳೆದು ಎಸೆದ ಹಾಗೆ ಒಯ್ಯುತ್ತದೆ. 'ಹಿಂದೆ ಕೂತರೆ ಹೆದರಿಕೆ ಕಡಿಮೆ' ಎಂದು ನಂಬಿ ಹಿಂದಿನ ಸೀಟಿಗೆ ಓಡುವವರಿಗೆ ಇದನ್ನು ಮೊದಲೇ ಹೇಳಿಬಿಡಿ. ಮಧ್ಯಾಹ್ನದ ಹೊತ್ತಿಗೆ ಚಕ್ರ, ಗ್ರೀಸ್ ಎಲ್ಲ ಬಿಸಿಯಾಗಿ ಅದೇ ಕೋಸ್ಟರ್ ಬೆಳಗ್ಗೆಗಿಂತ ಜೋರಾಗಿ ಓಡುವುದೂ ಉಂಟು.

ಕೂತಾಗಿನಿಂದ ಇಳಿಯುವವರೆಗೆ

ಜೇಬು ಖಾಲಿ ಮಾಡಿ. ಫೋನ್, ಕೀಲಿ, ಟೋಪಿ ಲಾಕರ್‌ನಲ್ಲೋ ಕೆಳಗೆ ನಿಂತವರ ಕೈಯಲ್ಲೋ ಇರಲಿ. ಓಡುವ ರೈಲಿನಿಂದ ಬಿದ್ದ ಫೋನ್ ಕೆಳಗಿರುವವರ ತಲೆ ಒಡೆಯಬಲ್ಲದು, ಆದ್ದರಿಂದ ವಿಡಿಯೊ ತೆಗೆಯುವ ಆಸೆ ಬಿಡಿ.

ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ಸರಿದು, ಸೊಂಟವನ್ನು ಬೆನ್ನಾನಿಕೆಗೆ ತಾಗಿಸಿ ಕೂತು, ಆಮೇಲೆ ಬಾರ್ ಎಳೆದುಕೊಳ್ಳಿ. ಮುಂದಕ್ಕೆ ಜಾರಿ ಕೂತು ಬಾರ್ ಹಾಕಿಕೊಂಡರೆ ಅದು ತಪ್ಪು ಜಾಗದಲ್ಲಿ ನಿಲ್ಲುತ್ತದೆ. ಲ್ಯಾಪ್ ಬಾರ್ ಒತ್ತಬೇಕಾದದ್ದು ಹೊಟ್ಟೆಯ ಮೇಲಲ್ಲ, ತೊಡೆ ಸೊಂಟಕ್ಕೆ ಸೇರುವ ಮಡಿಕೆಯಲ್ಲಿ. ಸಿಬ್ಬಂದಿ ಸಾಲುಸಾಲಾಗಿ ಬಂದು ಪ್ರತಿ ಬಾರ್ ಕೆಳಗೆ ಒತ್ತಿ, ಮೇಲಕ್ಕೆ ಜಗ್ಗಿ ನೋಡುತ್ತಾರೆ, ಬೆಲ್ಟ್ ಎಳೆಯುತ್ತಾರೆ, ಪ್ಲಾಟ್‌ಫಾರ್ಮ್‌ನ ಆ ತುದಿಗೆ ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಅವರು ನಿಮ್ಮ ಸಾಲು ಬಿಟ್ಟರು ಅನ್ನಿಸಿದರೆ ಕೈಯೆತ್ತಿ ಕೂಗಿ, ನಾಚಿಕೆ ಬೇಡ.

ಇಬ್ಬರಿಗೂ ಸೇರಿ ಒಂದೇ ಬಾರ್ ಇರುವ ಹಳೆಯ ಬಗೆಯ ಸೀಟುಗಳಲ್ಲಿ ವಿಶೇಷ ಎಚ್ಚರ ಬೇಕು. ದಪ್ಪ ತೊಡೆಯ ದೊಡ್ಡವರು ಪಕ್ಕದಲ್ಲಿ ಕೂತರೆ ಬಾರ್ ಅವರಿಗೇ ತಾಗಿ ನಿಲ್ಲುತ್ತದೆ, ಮಗುವಿನ ಮೇಲೆ ಅಂಗೈಯಗಲ ಜಾಗ ಉಳಿದುಬಿಡುತ್ತದೆ. ಒಬ್ಬೊಬ್ಬರಿಗೆ ಬೇರೆ ಬಾರ್ ಇರುವ ರೈಡ್ ಆರಿಸಿ, ಇಲ್ಲವೇ ಮಗುವಿನ ಪಕ್ಕ ತೆಳ್ಳಗಿನವರು ಕೂರಿ. ದುಂಡಗೆ ಜೋರಾಗಿ ಸುತ್ತುವ ರೈಡ್‌ಗಳಲ್ಲಿ ಚಿಕ್ಕವರು ಒಳಬದಿಗೆ, ದೊಡ್ಡವರು ಹೊರಬದಿಗೆ. ಸುತ್ತುವಾಗ ಎಲ್ಲರೂ ಹೊರಕ್ಕೆ ಒತ್ತಲ್ಪಡುತ್ತಾರೆ, ತಪ್ಪಾಗಿ ಕೂತರೆ ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ.

ಏರುವಾಗ ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಇರುವ ಕಿರಿದಾದ ಮೆಟ್ಟಿಲುಸಾಲು ಕಾಣುತ್ತದೆ. ಅದು ತಂತ್ರಜ್ಞರು ನಡೆಯುವ ದಾರಿ. ಕೆಳಗೆ ನೋಡಲು ಆಗದವರು ಆ ಮೆಟ್ಟಿಲುಗಳನ್ನು ಎಣಿಸುತ್ತಾ ಹೋಗಿ. ತಲೆಯನ್ನು ಹಿಂದಿನ ಆಸರೆಗೆ ಒರಗಿಸಿ, ಕತ್ತು ನೆಟ್ಟಗಿರಲಿ, ಪಾದ ನೆಲಕ್ಕೆ ಊರಿರಲಿ. ತುದಿ ದಾಟುವ ಹೊತ್ತಿಗೆ ಉಸಿರು ಹಿಡಿಯಬೇಡಿ. ಹೊಟ್ಟೆಯ ಸ್ನಾಯು ಬಿಗಿ ಮಾಡಿ, ಬಾಯಿ ತೆರೆದು ಕೂಗಿ. ಕೂಗುವುದರಿಂದ ಉಸಿರು ತಾನಾಗಿ ಹೊರಹೋಗುತ್ತದೆ, ಹೊಟ್ಟೆ ಮೇಲೆದ್ದು ಬಂದ ಆ ಭಾವ ತಗ್ಗುತ್ತದೆ. ಆ ಭಾವಕ್ಕೆ ಕಾರಣ ಸರಳ: ಸೀಟು ಕೆಳಕ್ಕೆ ಹೋಗುವಾಗ ಹೊಟ್ಟೆಯೊಳಗಿನ ಅಂಗಗಳು ಕೆಲ ಕ್ಷಣ ತೂಕ ಕಳೆದುಕೊಂಡು ತೇಲುತ್ತವೆ.

ಇಳಿಜಾರಿನ ತಳದಲ್ಲಿ ಇದಕ್ಕೆ ವಿರುದ್ಧ. ದೊಡ್ಡ ಕೋಸ್ಟರ್‌ಗಳಲ್ಲಿ ಅಲ್ಲಿ ಮೈಭಾರ ಮೂರು ನಾಲ್ಕು ಪಟ್ಟು ಆದ ಹಾಗೆ ಒತ್ತುತ್ತದೆ, 50 ಕೆ.ಜಿ. ತೂಗುವವರಿಗೆ 150ರಿಂದ 200 ಕೆ.ಜಿ. ಆದಂತೆ. ಕಣ್ಣು ಮಸುಕಾದರೆ ತೊಡೆ, ಮೀನಖಂಡ, ಹೊಟ್ಟೆ ಬಿಗಿಹಿಡಿಯಿರಿ, ರಕ್ತ ಕೆಳಗಿಳಿಯುವುದು ಕಡಿಮೆಯಾಗುತ್ತದೆ. ಕಣ್ಣು ಮುಚ್ಚಬೇಡಿ. ಹಳಿ ಯಾವ ಕಡೆ ತಿರುಗುತ್ತದೆ ಎಂದು ಮುಂದೆ ನೋಡುತ್ತಿದ್ದರೆ ಕುತ್ತಿಗೆ ತಾನಾಗಿಯೇ ಸಿದ್ಧವಾಗುತ್ತದೆ, ಬಡಿತ ಬೀಳುವುದಿಲ್ಲ.

ನಡುವೆ ರೈಲು ನಿಂತುಬಿಟ್ಟರೆ ಸುಮ್ಮನೆ ಕೂತಿರಿ. ಬಹುಪಾಲು ಸಲ ಅದು ಹಿಂದೆ ಹೇಳಿದ ಬ್ಲಾಕ್ ವ್ಯವಸ್ಥೆ ತನ್ನ ಕೆಲಸ ಮಾಡಿದ್ದು. ಹೆಚ್ಚು ಹೊತ್ತಾದರೆ ಸಿಬ್ಬಂದಿ ಮೆಟ್ಟಿಲೇರಿ ಬಂದು ಒಬ್ಬೊಬ್ಬರನ್ನೇ ಇಳಿಸುತ್ತಾರೆ. ಬಾರ್‌ನಿಂದ ನುಸುಳಿ ಹೊರಬರುವ ಯತ್ನ ಎಂದಿಗೂ ಮಾಡಬಾರದು.

ಮಗು ಬೇಡ ಎಂದರೆ

ಮಗುವನ್ನು ಮೊದಲು ಕೋಸ್ಟರ್‌ನ ಹೊರದಾರಿಯ ಹತ್ತಿರ ನಿಲ್ಲಿಸಿ. ಇಳಿದು ಬರುವವರ ಮುಖ ನೋಡಲಿ. ಗಡಿಯಾರ ಅದರ ಕೈಗೇ ಕೊಟ್ಟು, ರೈಲು ಹೊರಟು ಮರಳಲು ಎಷ್ಟು ಹೊತ್ತು ಎಂದು ಅಳೆಯಲು ಹೇಳಿ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ಮುಗಿಯುತ್ತವೆ, ಅದರಲ್ಲೂ ಏರುವುದರಲ್ಲೇ ಅರ್ಧ ಹೋಗುತ್ತದೆ. ಹೆದರಿಕೆಗೆ ಒಂದು ಕೊನೆ ಇದೆ ಎಂದು ಗೊತ್ತಾದರೆ ಮಗುವಿನ ಲೆಕ್ಕಾಚಾರವೇ ಬದಲಾಗುತ್ತದೆ.

ಏನಾಗುತ್ತದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. 'ಮೊದಲು ಮೇಲೆ ಹೋಗುತ್ತೆ, ಸದ್ದು ಮಾಡುತ್ತೆ, ಆಮೇಲೆ ಒಮ್ಮೆಲೇ ಇಳಿಯುತ್ತೆ, ಹೊಟ್ಟೆಯಲ್ಲಿ ಒಂಥರಾ ಆಗುತ್ತೆ, ಎರಡು ತಿರುವು, ಮುಗೀತು.' ಸುಳ್ಳು ಹೇಳಿ ಕೂರಿಸಿದರೆ ಆ ಮಗು ಮುಂದೆ ನಿಮ್ಮ ಮಾತು ನಂಬುವುದಿಲ್ಲ. ಹತ್ತುವ ಜಾಗದ ತನಕ ಬಂದು ಮನಸ್ಸು ಬದಲಾದರೂ ಚಿಂತೆಯಿಲ್ಲ, ರೈಲಿನ ಆಚೆ ಬದಿಗೆ ದಾಟಿ ಇಳಿದುಹೋಗಲು ಸಿಬ್ಬಂದಿ ಬಿಡುತ್ತಾರೆ. ಈ ದಾರಿ ಇದೆ ಎಂದು ಮೊದಲೇ ಹೇಳಿದರೆ ಮಗು ಸಾಲಿನಲ್ಲಿ ನಿಲ್ಲಲು ಒಪ್ಪುತ್ತದೆ.

ಅಳುವ ಮಗುವನ್ನು ಹೊತ್ತು ಸೀಟಿನಲ್ಲಿ ಕೂರಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅದರ ಅಳುವನ್ನು ವಿಡಿಯೊ ಮಾಡಿ ನಗುವುದಂತೂ ಸಲ್ಲದು. ಅಣ್ಣನ ಧೈರ್ಯಕ್ಕೆ ಹೋಲಿಸುವುದೂ ಬೇಡ. ಬಲವಂತದಿಂದ ಕೂತ ಒಂದು ಸವಾರಿಯಿಂದ ಜೀವಮಾನವಿಡೀ ಕೋಸ್ಟರ್ ಕಂಡರಾಗದವರು ಎಷ್ಟೋ ಜನ ಇದ್ದಾರೆ. ತಾನಾಗಿ ಇಷ್ಟಪಟ್ಟು ಕೂತ ಮಗು ಇಳಿಯುತ್ತಲೇ 'ಇನ್ನೊಂದ್ಸಲ' ಎನ್ನುತ್ತದೆ. ಆಗ ಬೇರೆ ಯೋಜನೆ ಏನಿದ್ದರೂ ಬಿಟ್ಟು ಅದರ ಜೊತೆ ಮತ್ತೆ ಹೋಗಿ.

ಹೊಟ್ಟೆ ತೊಳಸದಂತೆ

ಹಸಿದ ಹೊಟ್ಟೆಯೂ ಒಳ್ಳೆಯದಲ್ಲ, ತುಂಬಿದ ಹೊಟ್ಟೆಯೂ ಅಲ್ಲ. ಹಗುರವಾಗಿ ತಿಂದು ಮುಕ್ಕಾಲು ಗಂಟೆಯಾದರೂ ಬಿಟ್ಟು ಹತ್ತಿ. ನೀರನ್ನು ಆಗಾಗ ಗುಟುಕರಿಸುತ್ತಿರಿ. ರೈಡ್‌ನಿಂದ ಬಂತು ಎಂದುಕೊಳ್ಳುವ ತಲೆನೋವು ಅನೇಕ ಸಲ ಬಿಸಿಲಿನಲ್ಲಿ ನೀರು ಕುಡಿಯದೆ ನಿಂತದ್ದರಿಂದ ಬಂದದ್ದು.

ತಲೆಸುತ್ತಿಗೆ ಮೂಲ ಒಳಕಿವಿ. ಅಲ್ಲಿನ ಅರ್ಧವೃತ್ತದ ನಾಳಗಳು ಮೈ ತಿರುಗುವುದನ್ನು ಮೆದುಳಿಗೆ ತಿಳಿಸುತ್ತವೆ. ಕಣ್ಣು ಹೇಳುವುದೂ ಕಿವಿ ಹೇಳುವುದೂ ಹೊಂದದಿದ್ದರೆ ವಾಕರಿಕೆ ಶುರು. ಹೀಗಾಗಿ ನೇರವಾಗಿ ಓಡುವ ಕೋಸ್ಟರ್‌ಗಿಂತ ಒಂದೇ ಕಡೆ ಗಿರಗಿರ ತಿರುಗಿಸುವ ರೈಡ್‌ಗಳೇ ಹೆಚ್ಚು ಕಾಡುತ್ತವೆ. ಅವನ್ನು ಒಂದರ ಮೇಲೊಂದು ಮಾಡಬೇಡಿ. ಪರದೆಯ ಮುಂದೆ ಕುರ್ಚಿ ಅಲುಗಿಸುವ ಸಿಮ್ಯುಲೇಟರ್‌ಗಳಲ್ಲಿ ಮಾತ್ರ, ಕೋಸ್ಟರ್‌ನಲ್ಲಿ ಕಣ್ಣು ಮುಚ್ಚಬೇಡಿ ಎಂದದ್ದಕ್ಕೆ ವಿರುದ್ಧ ಉಪಾಯ: ವಾಕರಿಕೆ ಬಂದರೆ ಕಣ್ಣು ಮುಚ್ಚಿ ಇಲ್ಲವೇ ಪರದೆಯಿಂದ ದೃಷ್ಟಿ ತೆಗೆಯಿರಿ, ಅಲ್ಲಿ ಮೋಸ ಮಾಡುತ್ತಿರುವುದು ಕಣ್ಣೇ. ಪ್ರಯಾಣದ ವಾಂತಿಗೆ ಕೊಡುವ ಮಾತ್ರೆಗಳನ್ನು ಮೊದಲೇ ನುಂಗಬೇಕು, ಅವು ತೂಕಡಿಕೆ ತರುತ್ತವೆ, ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ವಾಕರಿಕೆ ಶುರುವಾದ ಮೇಲೆ ನೆರಳಿನಲ್ಲಿ ಕಾಲು ಗಂಟೆ ಕೂತು ದೂರದ ಒಂದು ಸ್ಥಿರ ವಸ್ತುವನ್ನು ನೋಡುವುದೇ ಮದ್ದು.

ಮಧ್ಯಾಹ್ನದಿಂದ ಸಂಜೆಯವರೆಗೆ

ಹನ್ನೆರಡರಿಂದ ಮೂರು ಗಂಟೆ ಅತಿ ಉದ್ದದ ಸಾಲಿನ ಹೊತ್ತು. ಆಗ ಪ್ರದರ್ಶನ, ಪುಟ್ಟ ರೈಲು, ನೆರಳು, ಊಟ. ಎಲ್ಲರೂ ಉಣ್ಣುವ ಹೊತ್ತಿಗಿಂತ ಒಂದು ಗಂಟೆ ಮೊದಲೇ ಉಂಡರೆ ಅಲ್ಲೂ ಸಾಲು ತಪ್ಪುತ್ತದೆ. ನೀರಿನ ರೈಡ್‌ಗಳನ್ನು ಆಮೇಲೆ ಇಟ್ಟುಕೊಂಡು, ಮುಗಿದೊಡನೆ ಒಣಬಟ್ಟೆ ಹಾಕಿ. ಒದ್ದೆ ಬಟ್ಟೆಯಲ್ಲೇ ನಡೆದರೆ ತೊಡೆ ಸಂದು ಉಜ್ಜಿ ಸಂಜೆಯವರೆಗೂ ಉರಿಯುತ್ತದೆ, ಮಕ್ಕಳು ನಡೆಯಲಾರರು. ಗುಡುಗು ಮಿಂಚು, ಜೋರು ಗಾಳಿ ಬಂದರೆ ಎತ್ತರದ ರೈಡ್‌ಗಳನ್ನು ನಿಲ್ಲಿಸುತ್ತಾರೆ. ಸಿಬ್ಬಂದಿಯ ಮೇಲೆ ಸಿಟ್ಟಾಗದೆ ಒಳಾಂಗಣದ ಆಟಗಳಿಗೆ ಹೋಗಿ. ತುಂತುರು ಮಳೆಯಲ್ಲಿ ಕೋಸ್ಟರ್ ಓಡಿಸಿದರೂ ಆ ವೇಗದಲ್ಲಿ ಹನಿಗಳು ಮುಖಕ್ಕೆ ಸೂಜಿಯಂತೆ ಚುಚ್ಚುತ್ತವೆ.

ಮುಚ್ಚುವ ಮುಂಚಿನ ಒಂದು ಗಂಟೆ ಮತ್ತೆ ನಿಮ್ಮದು. ಮಕ್ಕಳಿರುವ ಮನೆಯವರೆಲ್ಲ ಹೊರಡುತ್ತಿರುತ್ತಾರೆ, ಸಾಲು ಕರಗುತ್ತದೆ. ಮುಚ್ಚುವ ವೇಳೆಗೆ ಸಾಲಿನಲ್ಲಿ ಇದ್ದವರನ್ನು ಅನೇಕ ಪಾರ್ಕ್‌ಗಳು ಹತ್ತಿಸಿಯೇ ಮುಗಿಸುತ್ತವೆ, ಬೆಳಗ್ಗೆಯೇ ಕೇಳಿಟ್ಟುಕೊಳ್ಳಿ. ಬೆಳಗ್ಗೆ ಬೇಡ ಎಂದಿದ್ದವರನ್ನು ಈ ಹೊತ್ತಿಗೆ ಇನ್ನೊಮ್ಮೆ, ಒಂದೇ ಒಂದು ಸಲ ಕೇಳಿ ನೋಡಿ. ದಿನವಿಡೀ ನೋಡಿ ನೋಡಿ ಅಭ್ಯಾಸವಾಗಿ ಹೂಂ ಎನ್ನುವವರು ಇರುತ್ತಾರೆ. ಕೊನೆಯ ಸವಾರಿಗೆ ಹೋಗುವ ಮೊದಲೇ ಲಾಕರ್ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ನೋಡಿ ಸಾಮಾನು ತೆಗೆದು, ಹೊರಗೆ ಕಾಯುವವರ ಕೈಗೆ ಕೊಟ್ಟು ಹತ್ತಿ.